ಎಲ್ಲರಿಗೂ ಒಂದನೇ ತಾರೀಖು

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಹುಟ್ಟುಗುಣವೋ ಶಾಲೆಯಲ್ಲಿ ಕಲಿತದ್ದೋ ಹೇಳಲಾರೆ. ‘ಬಿಟ್ಟ ಸ್ಥಳಗಳನ್ನು ತುಂಬಿರಿ’ ಎಂಬ ಪ್ರಶ್ನೆಯಲ್ಲಿ ಉತ್ತರ ಗೊತ್ತಿರಲಿ, ಇಲ್ಲದಿರಲಿ, ನಾನು ಒಂದು ಸ್ಥಳವನ್ನೂ ಬಿಟ್ಟವನಲ್ಲ. “ಬಿಟ್ರೆ ಸೊನ್ನೆ ಗ್ಯಾರಂಟಿ, ಬರದ್ರೆ ಯಾರಿಗ್ಗೊತ್ತು” ಎಂದು ನಮ್ಮ ಮೇಷ್ಟರೇ ಧೈರ್ಯ ಹೇಳಿದ್ದರು. ಆ ಧೈರ್ಯದಲ್ಲೇ ಬಿ.ಕಾಂ. ಮುಗಿಸಿದೆ. ಮದುವೆಗೆ ಹೆಣ್ಣು ನೋಡುವಾಗ ಬಯೋಡೇಟಾದಲ್ಲಿ ‘ಹವ್ಯಾಸ’ ಎಂಬ ಕಡೆ ಏನೂ ಹೊಳೆಯದೆ ‘ಈಜು’ ಎಂದು ಬರೆದೆ. ನಮ್ಮೂರ ಕೆರೆಯಲ್ಲಿ ಮೊಣಕಾಲಿನಿಂದಾಚೆಗೆ ನಾನು ಇಳಿದೇ ಇಲ್ಲ. ಮದುವೆಯಾಗಿ ಆರು ವರ್ಷವಾಯಿತು. ನನ್ನ ಹೆಂಡತಿ ಇಂದಿಗೂ ಬಕೆಟ್ಟಿಗೆ ನೀರು ತುಂಬಿಸಿಟ್ಟು “ಬನ್ನಿ, ಈಜ್ಕೊಂಡು ಬನ್ನಿ” ಎಂದು ಸ್ನಾನಕ್ಕೆ ಕರೆಯುತ್ತಾಳೆ.

ಇಂಥವನಿಗೆ ಸಿಕ್ಕಿದ್ದು ಖಾಲಿ ಚೌಕಗಳನ್ನು ತುಂಬುವ ನೌಕರಿಯೇ. ಹೊಸಕೋಟೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಡೇಟಾ ಎಂಟ್ರಿ ಆಪರೇಟರು. ಊರಿನ ಹೆಸರು ಬೇಡ, ಅಲ್ಲಿಯವರು ನನ್ನನ್ನು ಇನ್ನೂ ಗೌರವದಿಂದ ‘ಕಂಪ್ಯೂಟರ್ ಸಾರ್’ ಎಂದೇ ಕರೆಯುತ್ತಿದ್ದಾರೆ. ರೋಗಿ ಬಂದ ಕೂಡಲೇ ನನ್ನ ಕಿಟಕಿಗೆ ಬರಬೇಕು. ಹೆಸರು, ವಯಸ್ಸು, ಊರು, ಕಾಯಿಲೆ, ಹಿಂದಿನ ಕಾಯಿಲೆ ಎಲ್ಲವನ್ನೂ ನಾನು ಕಂಪ್ಯೂಟರಿಗೆ ಹಾಕುತ್ತೇನೆ. ಒಳಗೆ ಡಾಕ್ಟರಮ್ಮನ ಮೇಜಿನ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಲ್ಯಾಬಿನವರು ರಕ್ತದ ವರದಿಯನ್ನು ಅದರಲ್ಲೇ ಸೇರಿಸುತ್ತಾರೆ. ಮಾತ್ರೆ ಕೊಟ್ಟದ್ದೂ ಅದರಲ್ಲೇ ದಾಖಲಾಗುತ್ತದೆ.

ಈ ವ್ಯವಸ್ಥೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಮಲೇರಿಯಾವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಅದು ಈಗ ಅಪರೂಪ. ಗೋದಾಮು ಕಟ್ಟುವ ಕೆಲಸಕ್ಕೆ ದೂರದಿಂದ ಬಂದವರ ಜೊತೆ ಬರುತ್ತದೆ, ಇಲ್ಲವೇ ಕರಾವಳಿಗೆ ಕೆಲಸಕ್ಕೆ ಹೋದ ನಮ್ಮವರ ಜೊತೆ ವಾಪಸು ಬರುತ್ತದೆ. ಹಿಂದೆಲ್ಲ ಚಳಿಜ್ವರದವನ ಬೆರಳು ಚುಚ್ಚಿ, ರಕ್ತವನ್ನು ಗಾಜಿನ ಪಟ್ಟಿಗೆ ಸವರಿ, ಪರೀಕ್ಷೆಗೆ ಕಳಿಸಿದರೆ ವರದಿ ಬರುವಷ್ಟರಲ್ಲಿ ಅವನು ಜ್ವರ ಬಿಟ್ಟು ಎದ್ದು, ಇನ್ನೊಂದೂರಿಗೆ ಗಾರೆ ಕೆಲಸಕ್ಕೆ ಹೋಗಿ, ಅಲ್ಲಿ ಮತ್ತೆ ಮಲಗಿರುತ್ತಿದ್ದನಂತೆ. ಈಗ ಹಾಗಿಲ್ಲ. ಬೆಳಿಗ್ಗೆ ಬಂದವನಿಗೆ ಮಧ್ಯಾಹ್ನದೊಳಗೆ ಮಾತ್ರೆ. ಮಲೇರಿಯಾದಲ್ಲಿ ಒಂದು ಜಾತಿಯದು ಪಿತ್ತಜನಕಾಂಗದಲ್ಲಿ ಅಡಗಿ ಕೂತು, ಎಲ್ಲ ಮುಗಿಯಿತೆಂದು ನಾವು ಕೈತೊಳೆದುಕೊಂಡ ಮೇಲೆ ತಿಂಗಳುಗಟ್ಟಲೆ ಬಿಟ್ಟು ಮರಳಿ ಬರುತ್ತದೆ. ಅದನ್ನು ಹೊರಡಿಸಲು ಹದಿನಾಲ್ಕು ದಿನ ಬಿಡದೆ ಒಂದು ಮಾತ್ರೆ ನುಂಗಬೇಕು. ಜ್ವರ ಬಿಟ್ಟ ಮೂರನೇ ದಿನಕ್ಕೆ ಮಾತ್ರೆಯನ್ನೂ ಬಿಡುವುದು ನಮ್ಮ ಜನರ ರೂಢಿ. ನುಂಗಿದ್ದು ದಾಖಲಾಗದಿದ್ದರೆ ನನ್ನ ಪರದೆಯ ಮೇಲೆ ಹಳದಿ ಗುರುತು ಬೀಳುತ್ತದೆ. ನಮ್ಮ ಗಿರಿಜಾ ಸಿಸ್ಟರು ಫೋನ್ ಮಾಡಿ “ಏನಪ್ಪಾ, ಇವತ್ತಿಂದು ನುಂಗಿದ್ಯೋ ಇಲ್ವೋ? ಸುಳ್ಳೇಳ್ಬೇಡ, ಇಲ್ಲಿ ಕಾಣ್ತಾ ಐತೆ” ಎಂದು ಗದರುತ್ತಾರೆ. ಆ ಕಡೆಯವನು ಕಂಪ್ಯೂಟರಿನಲ್ಲಿ ತನ್ನ ಹೊಟ್ಟೆಯೇ ಕಾಣುತ್ತದೆಂದು ಹೆದರಿ ನುಂಗುತ್ತಾನೆ.

ತೊಂದರೆಯಿದ್ದದ್ದು ಕಂಪ್ಯೂಟರಿನಲ್ಲಲ್ಲ, ಕಿಟಕಿಯಲ್ಲಿ. ನನ್ನ ಕಿಟಕಿಯ ಮುಂದೆ ಒಂದು ಸಾಲು ನಿಂತಿರುತ್ತದೆ. ಸರ್ಕಾರದ ಪ್ರಕಾರ ನಾನು ಒಬ್ಬರನ್ನು ಕೇಳುತ್ತೇನೆ, ಒಬ್ಬರು ಉತ್ತರಿಸುತ್ತಾರೆ. ನಮ್ಮೂರಿನ ಪ್ರಕಾರ ನಾನು ಒಬ್ಬರನ್ನು ಕೇಳುತ್ತೇನೆ, ಇಡೀ ಸಾಲು ಉತ್ತರಿಸುತ್ತದೆ. ಗಂಡನ ಹೆಸರು ಹೇಳಲು ಅಜ್ಜಿ ನಾಚಿಕೊಂಡರೆ ಹಿಂದಿನಿಂದ ಮೂವರು “ಮುನಿಯಪ್ಪ ಅಂತ ಬರ್ಕೊಳಿ ಸಾರ್” ಎನ್ನುತ್ತಾರೆ. “ಕುಡಿಯೋ ಅಭ್ಯಾಸ ಇದ್ಯಾ?” ಎಂದು ಕೇಳಿದರೆ ಆಸಾಮಿ ಬಾಯಿ ತೆರೆಯುವ ಮೊದಲೇ ಸಾಲು ನಗುತ್ತದೆ, ನಾನು ‘ಹೌದು’ ಒತ್ತುತ್ತೇನೆ. ವಯಸ್ಸಿನ ವಿಷಯದಲ್ಲಂತೂ ಚರ್ಚೆಯೇ ನಡೆದು ಕೊನೆಗೆ “ಹಾಕ್ಕೊಳಿ ಅತ್ಲಾಗೆ ಒಂದ್ ನಲವತ್ತು” ಎಂದು ತೀರ್ಮಾನವಾಗುತ್ತದೆ. ಹೀಗೆ ತೀರ್ಮಾನವಾದ ಒಬ್ಬ ತಾಯಿ ನಮ್ಮ ದಾಖಲೆಯಲ್ಲಿ ತನ್ನ ಹಿರಿಯ ಮಗನಿಗಿಂತ ಎರಡು ವರ್ಷ ಚಿಕ್ಕವಳು.

ಈ ಚೌಕಗಳ ನಡುವೆ ಹೆಂಗಸರಿಗೆಂದೇ ಒಂದು ಚೌಕವಿದೆ: ಕೊನೆಯ ಮುಟ್ಟಿನ ದಿನಾಂಕ. ಅದರ ಪಕ್ಕದಲ್ಲಿ ಕೆಂಪು ನಕ್ಷತ್ರ. ಕೆಂಪು ನಕ್ಷತ್ರವೆಂದರೆ ತುಂಬಲೇಬೇಕು, ತುಂಬದಿದ್ದರೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ನಿಯತ್ತಾಗಿ ಅದನ್ನು ಕೇಳಿದೆ. ಫ್ಯಾನಿನ ಸದ್ದಿಗೆ ನಾನು ಸ್ವಲ್ಪ ಜೋರಾಗಿಯೇ ಮಾತಾಡುವವನು. ಆ ಒಂದು ಪ್ರಶ್ನೆಗೆ ಮಾತ್ರ ಸಾಲು ಉತ್ತರಿಸಲಿಲ್ಲ. ಸೊಪ್ಪಿನ ಗಂಟನ್ನು ಕಂಕುಳಲ್ಲಿಟ್ಟುಕೊಂಡಿದ್ದ ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೋಗಿ ನಿಮ್ಮವ್ವನ್ ಕೇಳ್ಕೊಂಡ್ ಬಾ, ಹೋಗು” ಎಂದಳು. ಮಾರನೆಯ ದಿನದಿಂದ ನಾನು ಆ ಚೌಕದಲ್ಲಿ ಎಲ್ಲರಿಗೂ ಆಯಾ ತಿಂಗಳ ಒಂದನೇ ತಾರೀಖನ್ನು ಹಾಕತೊಡಗಿದೆ. ಒತ್ತುವುದಕ್ಕೆ ಸುಲಭ, ನೋಡುವುದಕ್ಕೆ ಚೆಂದ, ಸಂಬಳದ ದಿನವಾದ್ದರಿಂದ ಮಂಗಳಕರ. ಎರಡು ವರ್ಷ ನಮ್ಮ ಸುತ್ತಿನ ಹತ್ತು ಹಳ್ಳಿಯ ಹೆಂಗಸರೆಲ್ಲ ಕಂಪ್ಯೂಟರಿನ ಲೆಕ್ಕದಲ್ಲಿ ಒಂದೇ ದಿನ ಮುಟ್ಟಾದರು. ಯಾರೂ ಏಕೆಂದು ಕೇಳಲಿಲ್ಲ. ‘ಒಂದೂ ಚೌಕ ಖಾಲಿಯಿಲ್ಲದ ಕೇಂದ್ರ’ ಎಂದು ತಾಲ್ಲೂಕಿನ ಸಭೆಯಲ್ಲಿ ನಮಗೆ ಎರಡು ಸಲ ಶಹಬ್ಬಾಸ್ ಕೂಡ ಸಿಕ್ಕಿತು.

ಚೈತ್ರ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಇಪ್ಪತ್ತೆರಡರ ಹುಡುಗಿ, ಜ್ವರಕ್ಕೆ ತುಟಿ ಒಡೆದಿತ್ತು, ಬಿಸಿಲಿನಲ್ಲೂ ಮೈತುಂಬ ಶಾಲು. ಗಂಡ ಮಂಗಳೂರಿನಲ್ಲಿ ಜೆಸಿಬಿ ಓಡಿಸುತ್ತಾನೆ. ಅವನ ಜೊತೆ ಆರು ತಿಂಗಳಿದ್ದು ವಾರದ ಹಿಂದಷ್ಟೇ ಊರಿಗೆ ಬಂದಿದ್ದಳು. ಅವಳ ಪರವಾಗಿ ಮಾತಾಡಲು ಅತ್ತೆ ಲಕ್ಷ್ಮಮ್ಮ ಬಂದಿದ್ದರು. ಸಾಲು ಕೂಡ ಇತ್ತು.

“ದಿನ ಬಿಟ್ ದಿನ ಗಡಗಡ ನಡುಗ್ತಾಳೆ ಸಾರ್,” ಎಂದರು ಲಕ್ಷ್ಮಮ್ಮ. “ಎರಡು ರಗ್ಗು ಹೊದ್ಸಿ ಮೇಲೆ ನಾನೇ ಕೂತ್ಕೋಬೇಕು.”

“ನೀವ್ ಕೂತ್ರೆ ಉಳೀತಾಳಾ?” ಎಂದಿತು ಸಾಲು.

“ಗರ್ಭಿಣಿನಾ?” ಇದು ಇನ್ನೊಂದು ಕೆಂಪು ನಕ್ಷತ್ರ. ಇದನ್ನು ಕೇಳಲು ನನಗೆ ಸಂಕೋಚವಿರಲಿಲ್ಲ, ಜೋರಾಗಿಯೇ ಕೇಳಿದೆ.

ಚೈತ್ರ ತಲೆ ತಗ್ಗಿಸಿದಳು. “ಅಂಥದ್ದೇನಿಲ್ಲ, ಇದ್ರೆ ನಂಗ್ ಗೊತ್ತಾಗಲ್ವಾ?” ಎಂದರು ಅತ್ತೆ. ನಾನು ‘ಇಲ್ಲ’ ಒತ್ತಿದೆ. ಕೆಳಗಿನ ಚೌಕಕ್ಕೆ ಬಂದು, ಬೆರಳಿನ ರೂಢಿಯಂತೆ ಒಂದನೇ ತಾರೀಖು ಹಾಕಿ ಕಳಿಸಿದೆ. ಅಂದು ನಿಜವಾಗಿಯೂ ಒಂದನೇ ತಾರೀಖೆಂಬುದು ನನಗೆ ಹೊಳೆಯಲಿಲ್ಲ. ಸಂಬಳ ಬಂದ ಮೆಸೇಜು ಮೊಬೈಲಿನಲ್ಲಿ ಆಗಲೇ ಬಂದಿದ್ದರೂ ಹೊಳೆಯಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ಲ್ಯಾಬಿನ ವರದಿ ಬಂತು: ಮಲೇರಿಯಾ, ಅಡಗಿ ಕೂರುವ ಜಾತಿಯದು. ಡಾಕ್ಟರಮ್ಮ ಪರದೆ ನೋಡಿ ಒಳಗಿನಿಂದಲೇ ಹೇಳಿದ್ದು ನನಗೆ ಕೇಳಿಸಿತು. “ಡೇಟ್ ಇವತ್ತೇ ಆಗಿದೆ. ಹಾಗಿದ್ರೆ ಯೂರಿನ್ ಟೆಸ್ಟ್ ಬೇಡ, ನೇರ ಶುರು ಮಾಡಿ. ನಾಗರಾಜ್, ಥ್ಯಾಂಕ್ಸ್, ನೀವು ಸರಿಯಾಗಿ ತುಂಬೋದ್ರಿಂದ ಎಷ್ಟು ಟೈಮ್ ಉಳಿಯುತ್ತೆ ಗೊತ್ತಾ!” ನಾಗರಾಜ ಎಂದರೆ ನಾನೇ. ಹೊರಗೆ ಎಂಬತ್ತು ಜನ ಕಾಯುತ್ತಿದ್ದರು; ಒಬ್ಬರೇ ಡಾಕ್ಟರು. ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ. ಯಾವ ಟೆಸ್ಟು, ಏಕೆ ಬೇಡ ಎಂದು ಕೇಳುವಷ್ಟು ವಿವೇಕ ಹೊಗಳಿಸಿಕೊಂಡ ಗಳಿಗೆಯಲ್ಲಿ ಯಾರಿಗಿರುತ್ತದೆ?

ಮಾತ್ರೆ ತೆಗೆದುಕೊಂಡು ಹೋಗುವಾಗ ಚೈತ್ರ ಕಿಟಕಿಯ ಹತ್ತಿರ ನಿಂತಳು. ಅತ್ತೆ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರು. ಎರಡು ಬಗೆಯ ಮಾತ್ರೆಗಳಿದ್ದವು: ಒಂದು ಮೂರು ದಿನದ್ದು, ಅದರ ಮೊದಲ ಬಾರಿಯದನ್ನು ಸಿಸ್ಟರು ಅಲ್ಲೇ ನುಂಗಿಸಿದ್ದರು; ಇನ್ನೊಂದು ಹದಿನಾಲ್ಕು ದಿನದ್ದು, ಹೊಟ್ಟೆಗೆ ಏನಾದರೂ ತಿಂದ ಮೇಲೆ ನುಂಗಬೇಕಾದದ್ದು. ಆ ಎರಡನೆಯದನ್ನು ತೋರಿಸಿ ಅವಳು ಮೆಲ್ಲಗೆ ಕೇಳಿದಳು.

“ಸಾರ್, ಇದನ್ನ ಎಲ್ಲಾ ಹೆಂಗಸ್ರೂ ತಗೋಬಹುದಾ?”

“ಧೈರ್ಯವಾಗಿ ತಗೊಳಮ್ಮ,” ಎಂದೆ ನಾನು. “ಕಂಪ್ಯೂಟರೇ ಒಪ್ಪಿದೆ.”

ಅವಳು ಇನ್ನೂ ಏನೋ ಹೇಳುವವಳಂತೆ ನಿಂತಳು. ನಾನು “ನೆಕ್ಸ್ಟ್” ಎಂದೆ.

ಈ ‘ನೆಕ್ಸ್ಟ್’ ಎಂಬುದನ್ನು ಈಚೆಗೆ ನಾನು ದಿನಕ್ಕೆ ಹತ್ತು ಸಲವಾದರೂ ಮನಸ್ಸಿನಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ.

ಹತ್ತು ನಿಮಿಷವಾಗಿರಬೇಕು. ಗಿರಿಜಾ ಸಿಸ್ಟರು ತಾವು ಕೊಟ್ಟ ಮಾತ್ರೆ ದಾಖಲಿಸಲು ನನ್ನ ಮೇಜಿಗೆ ಬಂದರು. ಚೈತ್ರಳ ಪುಟ ತೆರೆದು, ಕನ್ನಡಕ ಸರಿಮಾಡಿಕೊಂಡು ಬಗ್ಗಿದವರು ಹಾಗೇ ನಿಂತುಬಿಟ್ಟರು.

“ಏನೋ ಇದು, ಡೇಟ್ ಇವತ್ತು ಅಂತ ಹಾಕಿದ್ದೀಯಾ? ಯಾರ್ ಹೇಳಿದ್ರು ನಿಂಗೆ?”

“ಅದು... ಹಾಗೇ ಹಾಕ್ತೀವಲ್ಲ ಸಿಸ್ಟರ್.”

“ಹಾಗೇ ಅಂದ್ರೆ ಹೇಗೋ? ಆ ಹುಡ್ಗಿ ಹಣೆ ತುಂಬಾ ಮಾರಮ್ಮನ ಗುಡಿ ಕುಂಕುಮ ಇತ್ತು. ಸೊಸೆ ಕೈಲೇ ಕಾಯಿ ಒಡ್ಸಿ ಸೀದಾ ಬಂದ್ವಿ ಅಂತ ಅವಳತ್ತೆ ಇಂಜೆಕ್ಷನ್ ರೂಮಲ್ಲಿ ನಂಗೆ ಒಂದ್ ಹೋಳು ಕಾಯಿ ಬೇರೆ ಕೊಟ್ಳು. ಇವತ್ತು ಮುಟ್ಟಾದೋಳು ಇವತ್ತೇ ಗುಡಿ ಮೆಟ್ಲು ಹತ್ತುತ್ತಾಳೇನೋ? ಆ ಲಕ್ಷ್ಮಮ್ಮ ಹತ್ತಿಸ್ತಾಳೇನೋ?”

ನನಗೆ ಇನ್ನೂ ತಲೆಗೆ ಹೋಗಲಿಲ್ಲ. ಸಿಸ್ಟರು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ, ಹೆದರಿಕೆಯಾದದ್ದು ಅದಕ್ಕೇ. ಆ ಹದಿನಾಲ್ಕು ದಿನದ ಮಾತ್ರೆಯನ್ನು ಬಸುರಿಯರಿಗೆ ಕೊಡುವಂತಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ರಕ್ತವನ್ನೇ ಅದು ಕೆಡಿಸಬಹುದು. ಹೆರಿಗೆಯ ತನಕ ಕಾದು ಆಮೇಲೆ ಕೊಡಬೇಕು. ಹಾಗಾಗಿ ಆ ವಯಸ್ಸಿನ ಹೆಂಗಸು ಬಂದರೆ ಬಾಯಿಮಾತು ನಂಬದೆ ಮೂತ್ರ ಪರೀಕ್ಷೆ ಮಾಡಿ ನೋಡುವುದು ಡಾಕ್ಟರಮ್ಮನ ಪದ್ಧತಿ. ಆ ಪರೀಕ್ಷೆ ಬೇಡವೆನ್ನಿಸಿದ್ದು ಪರದೆಯ ಮೇಲಿನ ಒಂದು ತಾರೀಖು. ಆ ತಾರೀಖಿನ ಕರ್ತೃ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ.

“ಎಲ್ಲಾ ಹೆಂಗಸ್ರೂ ತಗೋಬಹುದಾ ಅಂತ ಕೇಳಿದ್ಲು ಸಿಸ್ಟರ್,” ಎಂದೆ.

“ಓಡೋ!” ಎಂದರು ಸಿಸ್ಟರು.

ನನ್ನ ಸ್ಕೂಟರಿನ ಮುಂದೆ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿ ರಕ್ತದೊತ್ತಡ ನೋಡಿಸಿಕೊಳ್ಳಲು ಹೋಗಿದ್ದರು. ಅವರ ಒತ್ತಡ ಸರಿಯಿತ್ತೆಂದು ಆಮೇಲೆ ತಿಳಿಯಿತು. ನಾನು ಓಡಿದೆ. ಬಸ್ಸು ನಿಲ್ಲುವ ಸರ್ಕಲ್ಲಿಗೆ ಅರ್ಧ ಕಿಲೋಮೀಟರು. ಕಾಲೇಜಿನಲ್ಲಿದ್ದಾಗ ಓಟದ ಸ್ಪರ್ಧೆಗೆ ಹೆಸರು ಬರೆಸಿ ಆ ದಿನ ಜ್ವರವೆಂದು ಮಲಗಿದವನು ನಾನು. ಚಪ್ಪಲಿಯೊಂದು ಹಾಲಿನ ಡೈರಿಯ ಮುಂದೆ ಕಳಚಿತು, ಅದನ್ನು ಬಿಟ್ಟೆ. ಬೇಕರಿಯ ಮುಂದೆ ಹೊಸಕೋಟೆಯ ಬಸ್ಸು ನಿಂತಿದ್ದು, ನಾನು ನೋಡುತ್ತಿದ್ದಂತೆಯೇ ಕದಲಿತು. ಎರಡೂ ಕೈ ಎತ್ತಿ ಅದರ ಮುಂದೆ ನಿಂತೆ.

ಡ್ರೈವರು ತಲೆ ಹೊರಹಾಕಿದ. “ಏನ್ ಗುರೂ, ಮನೇಲ್ ಹೇಳ್ಬಂದಿದ್ಯಾ?”

ಬಾಗಿಲಿಗೆ ಓಡಿ ಹತ್ತಿದೆ. ಬಸ್ಸಿನ ತುಂಬ ಹೆಂಗಸರು. ಮೂರನೇ ಸೀಟಿನಲ್ಲಿ ಚೈತ್ರ ಕೂತಿದ್ದಳು. ತೊಡೆಯ ಮೇಲೆ ಅರ್ಧ ತಿಂದ ಬನ್ನು. ಅತ್ತೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದಿದ್ದರು. ಹುಡುಗಿಯ ಅಂಗೈಯಲ್ಲಿ ಆ ಮಾತ್ರೆ.

“ನುಂಗ್ಬೇಡಿ!” ಎಂದು ಕಿರುಚಿದೆ. “ಚೈತ್ರಾ, ಅದನ್ನ ನುಂಗ್ಬೇಡಿ!”

ಲಕ್ಷ್ಮಮ್ಮ ನನ್ನ ಒಂದು ಕಾಲಿನ ಚಪ್ಪಲಿಯನ್ನೂ ಇನ್ನೊಂದು ಕಾಲಿನ ಧೂಳನ್ನೂ ನೋಡಿದರು. “ಯಾಕ್ ಸಾರ್? ಕಂಪ್ಯೂಟರ್ ಒಪ್ಪಿದೆ ಅಂದ್ರಂತೆ?”

“ಕಂಪ್ಯೂಟರ್ ತಪ್ಪಲ್ಲಮ್ಮ. ನಾನೇ ತಾರೀಖು ತಪ್ಪು ಬರ್ದಿದ್ದೀನಿ.”

“ಮಾತ್ರೆ ತಾರೀಖಾ?” ಎಂದಿತು ಹಿಂದಿನ ಸೀಟು. “ಅಯ್ಯೋ, ಡೇಟ್ ಮುಗ್ದಿರೋ ಮಾತ್ರೆ ಕೊಟ್ಟವ್ರೆ ಕಣ್ರೇ!”

ನಾನು ವಿವರಿಸಲು ಬಾಯಿ ತೆರೆದೆ. ಯಾವ ತಾರೀಖೆಂದು ನಲವತ್ತು ಹೆಂಗಸರ ಮುಂದೆ ಹೇಳುವುದು ನನ್ನಿಂದಾಗಲಿಲ್ಲ. ಬೆಳಿಗ್ಗೆ ನಮ್ಮ ಕೇಂದ್ರಕ್ಕೆ ಬಂದಿದ್ದ ನಾಲ್ವರು ತಮ್ಮ ತಮ್ಮ ಚೀಲದಿಂದ ಕೆಮ್ಮಿನ ಮಾತ್ರೆ, ಶುಗರಿನ ಮಾತ್ರೆ ತೆಗೆದು ಕೈಯಲ್ಲಿ ಹಿಡಿದು ನನ್ನ ಹಿಂದೆಯೇ ಇಳಿದರು. ಆದರೆ ಎಲ್ಲರಿಗಿಂತ ಮೊದಲು ಇಳಿದವಳು ಚೈತ್ರ. ಅವಳು ಏಕೆಂದು ಕೇಳಲೇ ಇಲ್ಲ. ಮಾತ್ರೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಜ್ವರದ ಕಾಲಿನಲ್ಲಿ, ನನಗಿಂತ ಮುಂದೆ ನಡೆದಳು.

ಸಿಸ್ಟರು ಅವಳನ್ನು ಇಂಜೆಕ್ಷನ್ ರೂಮಿಗೆ ಕರೆದೊಯ್ದು ಬಾಗಿಲು ಹಾಕಿದರು. ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ. ಎರಡನೇ ತಿಂಗಳು. ಒಳಗೆ ನಡೆದದ್ದನ್ನು ಸಿಸ್ಟರು ನನಗೆ ಆಮೇಲೆ ಹೇಳಿದರು. “ನಂಗೂ ಒಂದ್ ಮಾತು ಹೇಳ್ಬಾರ್ದೇನೇ?” ಎಂದು ಅತ್ತೆ ಜೋರು ಮಾಡಿದರಂತೆ. “ಹೋದ್ಸಲ ಹೇಳಿದ್ನಲ್ಲ ಅತ್ತೆ,” ಎಂದಳಂತೆ ಚೈತ್ರ. “ಊರಿಗೆಲ್ಲಾ ಗೊತ್ತಾದ ವಾರಕ್ಕೇ ಹೋಯ್ತು. ಬಂದೋರೆಲ್ಲಾ ಕೇಳೋರು. ಈ ಸಲ ಮೂರು ತುಂಬಲಿ ಅಂತ ಅವ್ರಿಗೂ ಹೇಳಿಲ್ಲ.” ಲಕ್ಷ್ಮಮ್ಮ ಸೊಸೆಯ ಶಾಲನ್ನು ಎಳೆದು ಸರಿಯಾಗಿ ಹೊದಿಸಿದರಂತೆ. ಅವರು ಹೊರಗೆ ಬಂದಾಗ ಸಾಲು “ಏನಂತೆ, ಏನಂತೆ?” ಎಂದಿತು. “ಏನಿಲ್ಲ, ಗ್ಯಾಸು,” ಎಂದರು ಲಕ್ಷ್ಮಮ್ಮ. ಅವರು ಅಷ್ಟು ಚಿಕ್ಕ ಉತ್ತರ ಕೊಟ್ಟದ್ದು ಅದೇ ಮೊದಲಿರಬೇಕು.

ಅಂದು ಸಂಜೆ ನಾನು ಡಾಕ್ಟರಮ್ಮನಿಗೆ ಎಲ್ಲವನ್ನೂ ಒಪ್ಪಿಕೊಂಡೆ: ಎರಡು ವರ್ಷ, ಹತ್ತು ಹಳ್ಳಿ, ಒಂದನೇ ತಾರೀಖು. ಬೈಯುತ್ತಾರೆಂದು ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಚೈತ್ರಳ ಪುಟ ತೆರೆದು, “ಖಾಲಿ ಬಿಟ್ಟಿದ್ರೆ ನಾನು ಟೆಸ್ಟ್ ಮಾಡಿಸ್ತಿದ್ದೆ ನಾಗರಾಜ್” ಎಂದರು.

“ಖಾಲಿ ಬಿಡಕ್ಕೆ ಅದು ಬಿಡಲ್ಲ ಮೇಡಂ.”

“ನಂಗೆ ಹೇಳ್ಬಹುದಿತ್ತಲ್ಲ.”

ಹೌದು, ಹೇಳಬಹುದಿತ್ತು. ಅವರು ಕೂರುವುದು ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ.

ಆಮೇಲೆ ಕೆಲಸಗಳು ಬೇಗ ಬೇಗ ಆದವು. ಡಾಕ್ಟರಮ್ಮ ಮೇಲಿನವರಿಗೆ ಬರೆದರು. ಆ ಚೌಕದಲ್ಲಿ ಈಗ ‘ಕೇಳಿಲ್ಲ’ ಎಂಬ ಆಯ್ಕೆ ಬಂದಿದೆ, ಅದನ್ನು ಒತ್ತಿದರೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರ ಪರದೆಯಲ್ಲಿ ತಾನಾಗಿಯೇ ಕಾಣಿಸುತ್ತದೆ. ಹೆಂಗಸರ ಪ್ರಶ್ನೆಗಳೆರಡೂ ನನ್ನ ಕಿಟಕಿ ಬಿಟ್ಟು ಸಿಸ್ಟರ ರೂಮಿಗೆ ಹೋದವು. ಅಲ್ಲಿ ಸಾಲಿಲ್ಲ, ಅತ್ತೆಯೂ ಇಲ್ಲ. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರಬೇಕು. ಚೈತ್ರ ವಾರಕ್ಕೊಮ್ಮೆ ಬಸುರಿಯರಿಗೆ ಒಗ್ಗುವ ಮಾತ್ರೆ ನುಂಗಿ ಹೋಗುತ್ತಾಳೆ. ಹೆರಿಗೆಯಾದ ಮೇಲೆ ಹದಿನಾಲ್ಕು ದಿನದ ಮಾತ್ರೆ ಬಾಕಿಯಿದೆಯೆಂದು ಅವಳ ಪುಟದಲ್ಲಿ ಬರೆದಿದೆ. ಡಾಕ್ಟರಮ್ಮನಿಗೆ ವರ್ಗವಾಗಲಿ, ನಾನು ಬೇರೆ ನೌಕರಿ ಹಿಡಿಯಲಿ, ಅದು ಮರೆಯುವುದಿಲ್ಲ. ಸಮಯಕ್ಕೆ ಸರಿಯಾಗಿ ಹಳದಿ ಗುರುತು ಬೀಳುತ್ತದೆ. ಕಂಪ್ಯೂಟರಿನ ಮೇಲೆ ನನಗಿದ್ದ ನಂಬಿಕೆ ಆ ದಿನದಿಂದ ಹೆಚ್ಚೇ ಆಗಿದೆ. ಕಡಿಮೆಯಾದದ್ದು ಅದರ ಮುಂದೆ ಕೂತವನ ಮೇಲಿನದು.

ಬಸ್ಸು ಮಾತ್ರ ನನ್ನ ತಲೆಯಲ್ಲಿ ಇನ್ನೂ ಹೊರಡುತ್ತಲೇ ಇದೆ. ಮುದ್ದೆ ಮುರಿಯುವಾಗ ಹೊರಡುತ್ತದೆ, ಗಡ್ಡ ಕೆರೆಯುವಾಗ ಹೊರಡುತ್ತದೆ. ಕೆಲವು ಸಲ ನಾನು ಅದರ ಮುಂದೆ ನಿಲ್ಲುತ್ತೇನೆ; ಕೆಲವು ಸಲ ಹಾಲಿನ ಡೈರಿಯ ಹತ್ತಿರ ಚಪ್ಪಲಿ ಹುಡುಕುತ್ತಾ ನಿಂತುಬಿಡುತ್ತೇನೆ, ಮತ್ತು ಮೂರನೇ ಸೀಟಿನಲ್ಲಿ ಬಾಟಲಿಯ ಮುಚ್ಚಳ ತೆರೆಯುತ್ತದೆ.

ಕಳೆದ ತಿಂಗಳು ತಾಲ್ಲೂಕಿನಲ್ಲಿ ಎಲ್ಲ ಕೇಂದ್ರಗಳ ಆಪರೇಟರುಗಳ ಸಭೆ ಸೇರಿತು. ನಡೆದದ್ದನ್ನು ಹೇಳಬೇಕೆಂದು ಡಾಕ್ಟರಮ್ಮ ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು. ಚೈತ್ರಳ ಹೆಸರು, ಊರು ಬಿಟ್ಟು, ನನ್ನ ಹೆಸರು ಬಿಡದೆ, ಎಲ್ಲ ಹೇಳಿದೆ. ಕೊನೆಗೆ, “ಇಲ್ಲಿ ಇನ್ಯಾರಾದ್ರೂ ಒಂದನೇ ತಾರೀಖು ಹಾಕ್ತಿದ್ರೆ ದಯವಿಟ್ಟು ನಿಲ್ಸಿ” ಎಂದು ಕೈಮುಗಿದೆ. ಎಲ್ಲರೂ ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಇಂಥ ದಡ್ಡನೂ ಉಂಟೇ ಎಂಬ ಮರುಕವಿತ್ತು. ಹಿಂದಿನ ಸಾಲಿನಿಂದ ಇಸ್ತ್ರಿ ಹಾಕಿದ ಅಂಗಿಯ ಒಬ್ಬರು ಎದ್ದು ನಿಂತರು.

“ನಾವು ಒಂದನೇ ತಾರೀಖು ಹಾಕೋದೇ ಇಲ್ಲ ಸಾರ್. ಹದಿನೈದು ಹಾಕ್ತೀವಿ. ತಿಂಗಳ ಮಧ್ಯ ಅಲ್ವಾ, ಆ ಕಡೆ ಈ ಕಡೆ ಅಂದ್ರೂ ಜಾಸ್ತಿ ತಪ್ಪಾಗಲ್ಲ.”

ಐದಾರು ತಲೆಗಳು ಹೌದೆಂದು ಅಲ್ಲಾಡಿದವು. ನಿಜವಾಗಿಯೂ ಜಾಣತನದ ಮಾತು. ನನಗೆ ಎರಡು ವರ್ಷದಲ್ಲಿ ಹೊಳೆಯಲಿಲ್ಲವಲ್ಲ ಎಂದು ಮೊದಲು ಅಸೂಯೆಯಾಯಿತು. ಆಮೇಲೆ ಅದೇ ಹದಿನೈದನ್ನು ಮನಸ್ಸಿನಲ್ಲೇ ಚೈತ್ರಳ ಚೌಕದಲ್ಲಿಟ್ಟು ನೋಡಿದೆ. ಅಂದು ನಾನು ಹಾಕಿದ್ದು ಹಿಂದಿನ ತಿಂಗಳ ಹದಿನೈದಾಗಿದ್ದರೆ, ಮುಟ್ಟಾಗಿ ಎರಡೇ ವಾರವೆಂದು ಡಾಕ್ಟರಮ್ಮ ಆಗಲೂ ಪರೀಕ್ಷೆ ಬೇಡವೆನ್ನುತ್ತಿದ್ದರು, ಸಿಸ್ಟರ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ಎರಡು ವಾರ ಹಿಂದಿನ ತಾರೀಖನ್ನು ಹಣೆಯ ಕುಂಕುಮ ಸುಳ್ಳೆನ್ನುವುದಿಲ್ಲ. ಆ ಹುಡುಗಿ ಬನ್ನು ತಿಂದು ಮುಗಿಸಿ ಮಾತ್ರೆ ನುಂಗಿರುತ್ತಿದ್ದಳು. ನಾನು ನನ್ನ ಕಿಟಕಿಯಲ್ಲಿ ಕೂತು ‘ನೆಕ್ಸ್ಟ್’ ಎನ್ನುತ್ತಿದ್ದೆ.

ಕೂಸು ಉಳಿದದ್ದು ನನ್ನ ಓಟದಿಂದ ಎಂದು ಇಷ್ಟು ದಿನ ಒಳಗೊಳಗೇ ಒಂದು ಸಮಾಧಾನವಿತ್ತು. ಅದು ಉಳಿದದ್ದು, ಸುಳ್ಳು ಬರೆಯುವಾಗಲೂ ನಾನು ಇಷ್ಟು ದಡ್ಡನಾಗಿದ್ದೆ ಎಂಬ ಕಾರಣದಿಂದ.